ಹಾಕಿದ ಬಾಗಿಲನ್ನೇ ಹಾಕ್ರೋ ಅಂದರೆ

"ಬಾಗಿಲು ಹಾಕ್ರೋ!"

ಒಳಕೋಣೆಯಿಂದ ಅತ್ತೆಯ ಕೂಗು ಬಂತು. ನಡುಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಸೊಸೆ ಕಾಲು ನಿಲ್ಲಿಸಿದಳು. ಬೆಳಗಿನಿಂದ ಇದು ಎಷ್ಟನೇ ಸಲವೋ.

"ಹಾಕಿದೆ ಅತ್ತೆ!"

"ಹಾಕಿದ್ರೆ ಗಾಳಿ ಎಲ್ಲಿಂದ ಬರುತ್ತೆ?"

"ಹಿತ್ತಿಲ ಬಾಗಿಲೂ ಹಾಕಿದೆ, ಚಿಲಕಾನೂ ಹಾಕಿದೆ. ಇನ್ನೇನು, ಬೀಗ ಜಡೀಬೇಕಾ?"

ಚಳಿ ಶುರುವಾಯಿತೆಂದರೆ ಈ ಮನೆಯಲ್ಲಿ ಇದೇ ಗೋಳು. ಹಾಕಿದ ಬಾಗಿಲನ್ನೇ ಹಾಕಿ ಎನ್ನುವವರಿಗೆ ಏನು ಉತ್ತರ ಕೊಡುವುದು? ಅಮ್ಮನಿಗೆ ಅರಳುಮರಳು ಎಂದು ಮಗ ತೀರ್ಪು ಕೊಟ್ಟು ಕೈ ತೊಳೆದುಕೊಂಡಿದ್ದ. ಸೊಸೆ ಕೈ ತೊಳೆದುಕೊಳ್ಳುವ ಹಾಗಿರಲಿಲ್ಲ. ಹೋದ ಚಳಿಗಾಲದಲ್ಲಿ ಕೆಮ್ಮು ಎದೆಗಿಳಿದು ಅತ್ತೆ ಆಸ್ಪತ್ರೆ ಸೇರಿದ್ದರು. ಇನ್ನೊಂದು ಸಲ ಹೀಗಾದರೆ ಈ ಜೀವ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಕೇಳಿಸಿಕೊಂಡವಳು ಅವಳೊಬ್ಬಳೇ. ಮಗರಾಯ ಆಗ ಆಸ್ಪತ್ರೆಯ ಬಾಗಿಲಿನ ಕೀಲು ಸರಿಯಿಲ್ಲವೆಂದು ಬಗ್ಗಿ ನೋಡುತ್ತಿದ್ದ.

ಹೌದು, ಅವನು ಬಡಗಿ. ಬೀದಿಯ ಅರ್ಧ ಬಾಗಿಲುಗಳು ಅವನ ಕೈಯಲ್ಲೇ ಆದವು, ಒಂದಾದರೂ ಕಿರ್ರೆನ್ನುವುದಿಲ್ಲ. ತನ್ನ ಮನೆಯಲ್ಲಿ ಮಾತ್ರ, ಅಮ್ಮನ ಕೋಣೆಯಿಂದ ಹಿತ್ತಿಲಿಗೆ ತೆರೆಯುವ ಬಾಗಿಲ ಕೆಳಗೆ ಇಲಿಗಳ ಮೆರವಣಿಗೆ ಹೋಗುವಷ್ಟು ಸಂದು. ಅದು ಅಡ್ಡ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಮರ ಉಬ್ಬಿ ನೆಲ ಕಚ್ಚಿಕೊಳ್ಳುತ್ತಿತ್ತು. ಕಚ್ಚಿಕೊಂಡಾಗಲೆಲ್ಲ ಅವನು ಕೀಸುಳಿ ತಂದು ಅಡಿಯನ್ನು ಕೀಸಿ ಬಿಡುತ್ತಿದ್ದ. ಚಳಿಗಾಲ ಬಂದು ಮರ ಒಣಗಿದರೆ ಬಾಗಿಲು ಕುಗ್ಗುತ್ತಿತ್ತು, ಕೀಸಿದ್ದು ವಾಪಸ್ ಬರುತ್ತಿರಲಿಲ್ಲ. ಕೇಳಿದರೆ ಒಂದೇ ಮಾತು: "ಗಿರಾಕಿ ಕೆಲಸ ಮುಗೀಲಿ ಕಣೇ."

ಆ ದಿನ ಅತ್ತೆಯ ಬಿ.ಪಿ. ನೋಡಲು ನರ್ಸಕ್ಕ ಬಂದಳು. ಪಕ್ಕದ ಬೀದಿಯವಳು, ಬಾಯಿ ಸ್ವಲ್ಪ ಜೋರು. ಕೂತು ಪಟ್ಟಿ ಸುತ್ತುವಷ್ಟರಲ್ಲಿ ಅತ್ತೆ ಮತ್ತೆ ಕೂಗಿದರು, "ಬಾಗಿಲು ಹಾಕ್ರೋ!"

"ನೋಡಿ ಅಕ್ಕ, ನಿಮ್ಮ ಕಣ್ಣೆದುರೇ ಇದೆ ಬಾಗಿಲು," ಎಂದಳು ಸೊಸೆ. "ನನಗಂತೂ ಸಾಕಾಗಿ ಹೋಗಿದೆ."

"ಟೈಲರಮ್ಮ, ಒಂದು ಗೇಣು ದಾರ ಕೊಡು."

ನರ್ಸಕ್ಕ ದಾರದ ತುದಿ ಹಿಡಿದು ಬಾಗಿಲ ಅಂಚಿನುದ್ದಕ್ಕೂ ಮೆಲ್ಲಗೆ ಕೈ ಸರಿಸಿದಳು. ಪಕ್ಕದಲ್ಲಿ ದಾರ ಅಲುಗಿತು. ಕೆಳಗೆ ಬಂದಾಗ ಮಂಚದ ಕಡೆಗೆ ಕುಣಿಯತೊಡಗಿತು.

"ಅಜ್ಜಿಗೆ ಅರಳುಮರಳಲ್ಲ ಕಣೇ, ನಿಮಗೆ. ಅವರ ಕಾಲಿಗೆ ನೇರ ಹೊಡೀತಿದೆ ಚಳಿಗಾಳಿ. ಮೊದಲು ಇದನ್ನ ಮುಚ್ಚಿ. ದುಡ್ಡು ಕೊಟ್ಟು ಏನೂ ತರಬೇಕಾಗಿಲ್ಲ."

ಸೊಸೆಗೆ ನಾಚಿಕೆಯಾಯಿತು. ಪಾಪ, ಎಷ್ಟು ಗದರಿದ್ದಳು! ಸಂಜೆ ಗಂಡ ಬಂದ ಕೂಡಲೇ ಎಲ್ಲ ಹೇಳಿದಳು. ಅವನಿಗೆ ಮೂಗಿನ ತುದಿಯಲ್ಲೇ ಕೋಪ.

"ನಾನು ಮಾಡಿದ ಬಾಗಿಲಿಗೆ ಅವಳು ದಾರ ಹಿಡಿದು ನೋಡ್ತಾಳಾ? ಚಳಿಗೆ ಬೇಕಾಗಿರೋದು ಬೆಂಕಿ. ದಾರ ಅಲ್ಲ."

"ಬೆಂಕಿ ಆಮೇಲಾಗಲಿ ರೀ, ಬಾಗಿಲು..."

"ನನಗೆ ಗೊತ್ತಿದೆ ಬಿಡೇ."

ಈ 'ನನಗೆ ಗೊತ್ತಿದೆ' ಎನ್ನುವುದು ಕೇಳಿದರೆ ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಅವಳು ಹೊಲಿದ ಬಟ್ಟೆ ಕೊಟ್ಟು ಮನೆಗೆ ಬಂದಳು. ಚಪ್ಪಲಿ ಬಿಟ್ಟಳು, ನೀರು ಕುಡಿದಳು. ಏನೋ ಸರಿಯಿಲ್ಲ ಅನ್ನಿಸಿತು. ಒಳಗಿನಿಂದ ಕೂಗೇ ಇಲ್ಲ.

"ಏನ್ರೀ, ಅತ್ತೆ ಎಲ್ಲಿ?"

ಗಂಡ ಜಗಲಿಯಲ್ಲಿ ಬೀಗುತ್ತಾ ಕೂತಿದ್ದ. "ಬೆಚ್ಚಗೆ ಮಲಗಿದ್ದಾಳೆ. ಬಾಂಡಲಿಯಲ್ಲಿ ಇದ್ದಿಲ ಕೆಂಡ ಇಟ್ಟಿದ್ದೀನಿ. ಮೇಲಿನ ಗಾಳಿಕಿಂಡಿಗೆ ಪೇಪರ್ ಅಂಟಿಸಿದೆ. ಒಂದೇ ಒಂದು ಸಲಾನೂ ಬಾಗಿಲು ಹಾಕ್ರೋ ಅಂದಿಲ್ಲ, ನೋಡು!"

ಅವಳು ಅತ್ತೆಯ ಕೋಣೆಗೆ ಓಡಿದಳು. ಬಾಗಿಲು ನೂಕಿದಳು. ಬಿಸಿ ಮುಖಕ್ಕೆ ರಾಚಿತು. ಅತ್ತೆ ಗೋಡೆಯ ಕಡೆ ವಾಲಿಕೊಂಡಿದ್ದರು. ಅಲುಗಿಸಿದರೆ ಕಣ್ಣು ಅರ್ಧ ತೆರೆದು, "ತಲೆ ಸಿಡೀತಿದೆ... ವಾಂತಿ..." ಎಂದು ತೊದಲಿದರು.

"ಎತ್ತಿ! ನೋಡ್ತಾ ನಿಂತಿದ್ದೀರಲ್ಲ, ಎತ್ತಿ!"

ಇಬ್ಬರೂ ಸೇರಿ ಅತ್ತೆಯನ್ನು ಹಿತ್ತಿಲಿಗೆ ಹೊತ್ತು ತಂದರು. ಕೂಗಿಗೆ ನರ್ಸಕ್ಕ ಓಡಿಬಂದಳು, ನೋಡಿದವಳೇ ಆಂಬುಲೆನ್ಸಿಗೆ ಫೋನು ಮಾಡಿ ತಾನೂ ಜೊತೆಗೆ ಹೊರಟಳು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಅತ್ತೆಯ ಮುಖಕ್ಕೆ ಮಾಸ್ಕು ಹಾಕಿದ್ದನ್ನು ನೋಡುತ್ತಾ ಬಡಗಿ ಮೂಲೆಯಲ್ಲಿ ನಿಂತಿದ್ದ. ಈ ಸಲ ಯಾವ ಕೀಲನ್ನೂ ನೋಡಲಿಲ್ಲ.

"ಹೊಗೆಯೇ ಇರಲಿಲ್ಲ ಅಕ್ಕ," ಎಂದ ಕೊನೆಗೆ. "ಇದ್ದಿಲು ಅಲ್ವಾ ಅಂತ..."

"ಹೊಗೆ ಇಲ್ಲ ಅಂತಲೇ ಮೋಸ ಹೋಗೋದು ಮೇಸ್ತ್ರಿ. ಕೆಂಡದಿಂದ ಬರೋ ವಿಷಗಾಳಿ ಕಣ್ಣಿಗೆ ಕಾಣಲ್ಲ, ಮೂಗಿಗೆ ಗೊತ್ತಾಗಲ್ಲ. ಮಲಗಿದವರು ಮಲಗಿದ ಹಾಗೇ ಹೋಗಿಬಿಡ್ತಾರೆ."

ಮರುದಿನ ಅತ್ತೆ ಮನೆಗೆ ಬಂದರು, ಜೊತೆಗೆ ನರ್ಸಕ್ಕನೂ ಬಂದಳು. ಅಷ್ಟರಲ್ಲಿ ಬಡಗಿಗೆ ಸ್ವಲ್ಪ ಧೈರ್ಯವೂ ಬಂದಿತ್ತು. "ಒಂದು ಲೆಕ್ಕದಲ್ಲಿ ಬಾಗಿಲ ಕೆಳಗಿನ ಸಂದೇ ಅಮ್ಮನ್ನ ಉಳಿಸ್ತು. ಅಷ್ಟಾದರೂ ಗಾಳಿ ಬಂತಲ್ಲ," ಎಂದ.

ಸೊಸೆಗೆ ಹಣೆ ಚಚ್ಚಿಕೊಳ್ಳುವಂತಾಯಿತು. "ಕೇಳಿದ್ರಾ ಅಕ್ಕ? ಬಾಗಿಲು ಸರಿ ಮಾಡದೇ ಇದ್ದದ್ದಕ್ಕೆ ಈಗ ಇವರಿಗೆ ಹಾರ ಹಾಕಬೇಕಂತೆ!"

"ಕೆಂಡ ಇಡದೇ ಇದ್ದಿದ್ರೆ ಉಳಿಸೋ ಪ್ರಸಂಗವೇ ಇರಲಿಲ್ಲವಲ್ಲ, ಮೇಸ್ತ್ರಿ," ಎಂದಳು ನರ್ಸಕ್ಕ. "ಸಂದು ನಂಬಿಕೊಂಡು ಯಾರೂ ಕೆಂಡ ಇಡಬಾರದು. ನೀನು ಮುಚ್ಚಬೇಕಾದ್ದನ್ನ ಬಿಟ್ಟೆ, ಬಿಡಬೇಕಾದ್ದನ್ನ ಮುಚ್ಚಿದೆ. ಕೆಳಗಿನ ಸಂದು ಮುಚ್ಚು. ಮೇಲಿನ ಗಾಳಿಕಿಂಡಿ ಬಿಡು, ಮನೆಗೂ ಉಸಿರು ಬೇಕು."

ಬಡಗಿ ತಲೆ ತಗ್ಗಿಸಿ ಎದ್ದ. ಮೊದಲು ಏಣಿ ಹತ್ತಿ ಗಾಳಿಕಿಂಡಿಯ ಪೇಪರ್ ಕಿತ್ತ. ಬಾಗಿಲ ಪಕ್ಕದ ಸಂದಿಗೆ ಮರದ ಪಟ್ಟಿ ಹೊಡೆದ. ಬಾಗಿಲ ಬುಡಕ್ಕೆ ಬಂದಾಗ ಕೈಯಲ್ಲಿದ್ದ ಕೀಸುಳಿಯನ್ನು ನೆಲಕ್ಕಿಟ್ಟ. "ಇಲ್ಲೂ ಪಟ್ಟಿ ಹೊಡೆದ್ರೆ ಮಳೆಗಾಲದಲ್ಲಿ ಮತ್ತೆ ಕಚ್ಚಿಕೊಳ್ಳುತ್ತೆ. ಮತ್ತೆ ನಾನು ಕೀಸ್ತೀನಿ," ಎಂದ. ತನ್ನ ತಪ್ಪನ್ನು ಅವನು ತಾನಾಗಿಯೇ ಕಂಡದ್ದು ಅದೇ ಮೊದಲು.

"ಹಾಗಾದ್ರೆ ತೆಗೆದಿಡೋ ಹಾಗೆ ಮಾಡೋಣ," ಎಂದಳು ಸೊಸೆ. ಉಳಿದ ಬಟ್ಟೆಚೂರುಗಳನ್ನು ಜೋಡಿಸಿ ಬಾಗಿಲಿನಗಲದ ಉದ್ದನೆಯ ಚೀಲ ಹೊಲಿದಳು. "ಆ ಮರದಪುಡಿ ತನ್ನಿ. ವರ್ಷವಿಡೀ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದಿದೆ. ಅದೂ ಒಂದು ಕೆಲಸಕ್ಕೆ ಬರಲಿ." ಪುಡಿ ತುಂಬಿ ಬಾಯಿ ಹೊಲಿದು ಬಾಗಿಲ ಬುಡಕ್ಕೆ ಒತ್ತಿಟ್ಟರು. ದಾರ ಹಿಡಿದು ನೋಡಿದರೆ ಅದು ನೆಟ್ಟಗೆ ನೇತಾಡುತ್ತಿತ್ತು.

ಮುಂದಿನದು ನರ್ಸಕ್ಕನ ದರ್ಬಾರು. ಮಂಚವನ್ನು ಹೊರಗೋಡೆಯಿಂದ ಈಚೆಗೆ ಎಳೆಸಿದಳು. ಹಾಸಿಗೆಯ ಅಡಿಗೆ ರಟ್ಟು ಹಾಸಿಸಿದಳು. ಹಳೆಯ ಎರಡು ಹೊದಿಕೆ ಸೇರಿಸಿ ಕಿಟಕಿಗೆ ದಪ್ಪ ಪರದೆ ಹೊಲಿಸಿದಳು.

"ಬಿಸಿಲಿದ್ದಾಗ ಪರದೆ ಸರಿಸಿ, ಕಿಟಕಿ ತೆಗೀರಿ, ಹಾಸಿಗೆ ಒಣಗಿಸಿ. ಹೊತ್ತು ಮುಳುಗೋ ಮುಂಚೆ ಎಲ್ಲ ಎಳೆದುಬಿಡಿ. ಅಜ್ಜಿಗೆ ಒಂದು ದಪ್ಪ ಸ್ವೆಟರ್‌ಗಿಂತ ಒಂದರ ಮೇಲೊಂದು ತೆಳ್ಳಗಿನ ಬಟ್ಟೆ ಹಾಕಿದ್ರೆ ಬೆಚ್ಚಗಿರುತ್ತೆ. ತಲೆಗೆ, ಕಾಲಿಗೆ ಮರೀಬೇಡಿ."

"ಮತ್ತೆ ಬೆಂಕಿ?" ಎಂದ ಬಡಗಿ, ಮೆಲ್ಲಗೆ.

"ಅಂಗಳದಲ್ಲಿ ಕಾಯಿಸ್ಕೋ, ಯಾರು ಬೇಡ ಅಂದ್ರು? ಆರಿಸಿ ಒಳಗೆ ಬಾ. ಕೆಂಡ ಮಾತ್ರ ಹೊಸ್ತಿಲು ದಾಟಬಾರದು."

ಸಂಜೆಯಾಯಿತು. ಹೊರಗೆ ಗಾಳಿ ಬೀಸುತ್ತಿತ್ತು. ಸೊಸೆ ಹೊಲಿಗೆ ಯಂತ್ರ ತುಳಿಯುತ್ತಾ ಒಂದು ಕಿವಿ ಒಳಗೇ ಇಟ್ಟಿದ್ದಳು. ಕೂಗು ಬರಲಿಲ್ಲ. ನಿನ್ನೆಯ ಮೌನ ನೆನಪಾಗಿ ಅವಳಿಗೆ ಹೆದರಿಕೆಯಾಯಿತು. ತಡೆಯಲಾರದೆ ಎದ್ದು ಹೋಗಿ ಇಣುಕಿದಳು.

"ಅತ್ತೆ, ಬಾಗಿಲು ಹಾಕಬೇಕಾ?"

ಅತ್ತೆ ಹೊದಿಕೆಯಿಂದ ತಲೆ ಹೊರಗೆ ಹಾಕಿದರು. "ಹಾಕಿದೆಯಲ್ಲೇ! ಕಣ್ಣು ಕಾಣಲ್ವಾ ನಿನಗೆ? ನಿನಗೇ ಅರಳುಮರಳು."

ಸೊಸೆ ಅಲ್ಲೇ ಬಾಗಿಲಿಗೆ ಒರಗಿ ನಕ್ಕಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಹಾಕಿದ ಬಾಗಿಲನ್ನೇ ಹಾಕಿ ಎಂದು ಕೂಗುವ ಹಿರಿಯರು ಇದ್ದಾರೆಯೇ? ಗದರಬೇಡಿ. ಚಳಿ ಬಲಿಯುವ ಮೊದಲೇ ಒಂದು ಗೇಣು ದಾರ ತೆಗೆದುಕೊಂಡು ಬಾಗಿಲು, ಕಿಟಕಿಗಳ ಅಂಚಿನಲ್ಲಿ ಹಿಡಿದು ನೋಡಿ. ಅದು ಕುಣಿದ ಕಡೆ ಹಳೆ ಬಟ್ಟೆಯಿಂದ ಮುಚ್ಚಿ, ಮೇಲಿನ ಗಾಳಿಕಿಂಡಿ ತೆರೆದೇ ಇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ. ಅಕಸ್ಮಾತ್ ಯಾರಿಗಾದರೂ ತಲೆನೋವು, ಮಂಪರು, ವಾಂತಿ ಕಂಡರೆ ತಕ್ಷಣ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಕರೆದೊಯ್ಯಿರಿ. ಮತ್ತೆ, 'ನನಗೆ ಗೊತ್ತಿದೆ ಬಿಡೇ' ಎನ್ನುವ ಯಜಮಾನರು ಮನೆಯಲ್ಲಿದ್ದರೆ, ಆ ದಾರವನ್ನು ಅವರ ಕೈಗೇ ಕೊಡಿ.