ಅಮಾವಾಸ್ಯೆಯ ಕೊಡಲಿ

ಕಬ್ಬಿಣ ಕಾದಾಗಲೇ ಬಡಿಯಬೇಕು ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ, ಜನ್ಮದಲ್ಲಿ ಒಂದು ಮೊಳೆ ಬಡಿಯದವರೂ ಹೇಳುತ್ತಾರೆ. ಬಡಿಯುವುದೇನು ಮಹಾ, ತೋಳಿದ್ದವನು ಬಡಿಯುತ್ತಾನೆ. ಕಷ್ಟವಿರುವುದು ಹದದಲ್ಲಿ. ಕೊಡಲಿಯ ಬಾಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ, ಜೊತೆಗೆ ಗಾಜಿನಂತೆ ಸಿಡಿಯುವ ಗುಣವೂ ಬರುತ್ತದೆ. ಆ ಗುಣ ತೆಗೆಯಲು ಬಾಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಹಿಂದೆ ಉಳಿದ ಕಾವು ಮುಂದಕ್ಕೆ ಹರಿಯುವುದನ್ನು ನೋಡುತ್ತ ಕೂರಬೇಕು. ಮೊದಲು ಒಣಹುಲ್ಲಿನ ಬಣ್ಣ ಬರುತ್ತದೆ, ಆಮೇಲೆ ಬೆಲ್ಲದ್ದು, ಆಮೇಲೆ ನವಿಲಿನ ಕೊರಳಿನದು. ನವಿಲಿನ ಬಣ್ಣ ಬಂದ ಕ್ಷಣವೇ ಮತ್ತೆ ಅದ್ದಬೇಕು. ಆ ಕ್ಷಣ ತೋರಿಸುವವಳು ಕುಲುಮೆಯ ದೇವಿ ಕಾಳಮ್ಮ, ನಮ್ಮದೇನೂ ಇಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ. ನಾನೂ ಹಾಗೇ ಹೇಳುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಅದೆಲ್ಲ ನನ್ನ ಕಣ್ಣಿನ ಬಲ ಎಂದೇ ಇತ್ತು.

ನಾನು ರುದ್ರಾಚಾರಿ. ಬುಕ್ಕಾಪಟ್ಟಣದಲ್ಲಿ ಬೀದಿಯ ಕೊನೆಗೆ ನನ್ನ ಕುಲುಮೆ. ಸುತ್ತಿನ ಹತ್ತು ಹನ್ನೆರಡು ಹಳ್ಳಿ, ಮೂರು ಗೊಲ್ಲರ ಹಟ್ಟಿಗಳ ನೇಗಿಲ ಗುಳ, ಕುಡುಗೋಲು, ಕೊಡಲಿ ಎಲ್ಲ ನನ್ನ ಕೈಯಲ್ಲೇ ಆಗಬೇಕಿತ್ತು. ಹೆಂಡತಿ ಸರಸಮ್ಮ ತಿದಿ ಒತ್ತುತ್ತಿದ್ದಳು, ಬೇಕಾದಾಗ ಸಮ್ಮಟಿಗೆಯನ್ನೂ ಎತ್ತುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ. ರುದ್ರಾಚಾರಿಯ ಕಬ್ಬಿಣ ಮುರಿಯುವುದಿಲ್ಲ ಎಂದು ಜನ ಹೇಳುತ್ತಿದ್ದರು, ಅದನ್ನು ಕೇಳಿಸಿಕೊಂಡೂ ಕೇಳಿಸದವನ ಹಾಗೆ ಇಕ್ಕಳ ಹುಡುಕುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಅಮಾವಾಸ್ಯೆಯ ದಿನ ನಾವು ಕುಲುಮೆಗೆ ಬೆಂಕಿ ಹಾಕುವುದಿಲ್ಲ. ಬೂದಿ ತೆಗೆದು, ನೆಲ ಸಾರಿಸಿ, ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಕುಂಕುಮವಿಟ್ಟು, ಕಾಳಮ್ಮ ಮಲಗಿದ್ದಾಳೆ ಎಂದು ಸುಮ್ಮನಿರುತ್ತೇವೆ. ಎಪ್ಪತ್ತೆಂಟನೇ ಇಸವಿ, ಸಂಕ್ರಾಂತಿಯ ಆಚೆಗಿನ ಒಂದು ಅಮಾವಾಸ್ಯೆ. ಬೆಳಗ್ಗೆ ಹಟ್ಟಿಯ ದಾಸಣ್ಣ ಬಂದು ಜಗುಲಿಯ ಮೇಲೆ ಕೂತ. ಕುರಿ ಕಾಯುವವನು, ಮೆತ್ತಗಿನ ಮನುಷ್ಯ.

"ಆಚಾರ್ರೇ, ನಾಳೆ ಕೋಳಿ ಕೂಗೋಕ್ ಮುಂಚೆ ಕುರಿ ಹೊಡ್ಕಂಡು ಮಧುಗಿರಿ ಕಡೆ ಹೊಂಟುಬುಡ್ತೀನಿ. ಮಳೆ ಬೀಳಗಂಟ ಬರಾಕಿಲ್ಲ. ಸೊಪ್ಪು ಕಡಿಯಾಕೆ ಒಂದು ಕೊಡ್ಲಿ ಬೇಕಿತ್ತು."

"ಇವತ್ತು ಅಮಾಸೆ ಕಣ್ಲಾ. ನಿಂಗೆ ಗೊತ್ತಿಲ್ವಾ?"

"ಗೊತ್ತು ಬುಡಿ. ಅದಕ್ಕೇ ಸಿರಾದಾಗೆ ಅಂಗಡಿ ಕೊಡ್ಲಿ ತಗಳಾಣ ಅಂತ ಹೊಂಟಿದ್ದೆ. ನಿಮ್ಗೊಂದು ಮಾತು ಹೇಳೋಗಾಣ ಅಂತ ಬಂದೆ. ಅದೂ ಚೆನ್ನಾಗೇ ಅದೆ ಅಂತಾರೆ."

ಅವನು ಚುಚ್ಚಲು ಹೇಳಿದ್ದಲ್ಲ. ದಾಸಣ್ಣನಿಗೆ ಚುಚ್ಚುವುದು ಬರುತ್ತಲೇ ಇರಲಿಲ್ಲ. ಆದರೂ ಅಂಗಡಿಯ ಕೊಡಲಿ ಚೆನ್ನಾಗಿದೆ ಎಂಬ ಮಾತು ನನ್ನ ಮೈ ಉರಿಸಿತು. ಸಂಜೆ ಬಂದು ತಗೊಂಡು ಹೋಗು ಎಂದುಬಿಟ್ಟೆ.

"ಬ್ಯಾಡ, ಅವ್ಳು ಮಲಗವ್ಳೆ" ಎಂದಳು ಸರಸಮ್ಮ.

"ಬಾಗಿಲು ಹಾಕು. ಯಾರಿಗೂ ಕಾಣಾಕಿಲ್ಲ."

ಬಾಗಿಲು ಹಾಕಿದೆವು, ಕಿಂಡಿಗೆ ಗೋಣಿತಾಟು ಕಟ್ಟಿದೆವು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟೆಯೊಂದನ್ನು ಕಾಯಿಸಿ ಕೊಡಲಿ ಎಳೆದೆ. ಆಕಾರ ಚೆನ್ನಾಗಿಯೇ ಬಂತು. ಹದಕ್ಕೆ ಬಂದಾಗ ಮಾತ್ರ ಬೆಳಕಿರಲಿಲ್ಲ. ಹದದ ಬಣ್ಣ ಕಾಣುವುದು ಹಗಲಿನ ಬೆಳಕಿಗೆ. ಕೆಂಡದ ಬೆಳಕಿನಲ್ಲಿ ಹುಲ್ಲೂ ಒಂದೇ, ನವಿಲೂ ಒಂದೇ. ಇದು ಕಮ್ಮಾರರ ಮನೆಯಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತಿರುವ ಮಾತು. ಬಾಗಿಲು ತೆಗೆಯಲು ನನಗೆ ಹೆದರಿಕೆ. ಬಂತು ಅನ್ನಿಸಿತು, ಅದ್ದಿದೆ.

"ಬಂದಿತ್ತಾ? ನಂಗೆ ಕಾಣ್ಲಿಲ್ಲ" ಎಂದಳು ಸರಸಮ್ಮ, ತಿದಿಯ ಮೇಲೆ ಕೈ ಇಟ್ಟುಕೊಂಡೇ.

"ನಿಂಗ್ಯಾಕೆ ಕಾಣ್ತದೆ" ಎಂದು ಗದರಿದೆ. ಸಂಜೆ ದಾಸಣ್ಣ ಬಂದು ಕೊಡಲಿಯನ್ನು ಕಣ್ಣಿಗೊತ್ತಿಕೊಂಡು ಹೋದ.

ಒಂದೂವರೆ ತಿಂಗಳಿಗೆ ಸುದ್ದಿ ಬಂತು. ಬಡವನಹಳ್ಳಿಯ ಆಚೆ ಜಾಲಿಮರ ಕಡಿಯುತ್ತಿದ್ದಾಗ ಕೊಡಲಿಯ ಬಾಯಿ ಸಿಡಿದು ಚೂರು ಅವನ ಕಣ್ಣಿಗೆ ಹೊಕ್ಕಿತಂತೆ. ಜೊತೆಯ ಕುರಿಗಾರರು ಸೊಪ್ಪಿನ ರಸ ಹಿಂಡಿ ಮೂರು ದಿನ ನೋಡಿದರಂತೆ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಜ್ವರ ತಲೆಗೇರಿತ್ತು. ದಾಸಣ್ಣ ಹೆಣವಾಗಿ ಹಟ್ಟಿಗೆ ಬಂದ.

ಯುಗಾದಿ ಕಳೆದ ಮೇಲೆ, ಗುಳ ಹಣಿಸಿ ಚೂಪು ಮಾಡಿಸಲು ಹತ್ತು ಜನ ಕುಲುಮೆಯ ಮುಂದೆ ಕಾದು ಕೂತಿದ್ದ ದಿನ, ಅವನ ಹೆಂಡತಿ ಚಿಕ್ಕಹನುಮಕ್ಕ ಬಂದಳು. ದೂರದಲ್ಲೇ ನಿಂತು, ಸೆರಗಿನ ಗಂಟು ಬಿಚ್ಚಿ ಕೊಡಲಿಯನ್ನು ನೆಲಕ್ಕಿಟ್ಟಳು.

"ಆಚಾರ್ರೇ, ಒಂದ್ ಮಾತು ಕೇಳ್ಬೇಕಿತ್ತು. ಇದ್ರ ಹದದಾಗೆ ಏನಾರ ಐಬು ಇತ್ತಾ? ಇತ್ತು ಅಂದ್ರೆ ನಿಮ್ಮನ್ನ ನಾನೇನೂ ಅನ್ನಾಕಿಲ್ಲ. ಆದದ್ದು ಆಗೋಯ್ತು."

ಅವಳು ಯಾಕೆ ಕೇಳುತ್ತಿದ್ದಾಳೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವರ ಹಟ್ಟಿಯಲ್ಲಿ ಹೆಂಗಸರು ತಿಂಗಳ ದಿನಗಳಲ್ಲಿ ಮುಳ್ಳುಬೇಲಿಯ ಹೊರಗೆ ಐದು ದಿನ ಇದ್ದು ಒಳಗೆ ಬರಬೇಕು. ದಾಸಣ್ಣ ಹೊರಡುವ ಬೆಳಗ್ಗೆ ಚಿಕ್ಕಹನುಮಕ್ಕ ಬೇಲಿ ದಾಟಿ ಬಂದು, ತಾನೇ ಆ ಕೊಡಲಿಯನ್ನು ಗಂಡನ ಕೈಗೆ ಕೊಟ್ಟಿದ್ದಳು. ಐದು ಮುಗಿಸಿಯೇ ಬಂದೆ ಎಂದು ಇವಳು, ನಾಲ್ಕೇ ಆಗಿತ್ತು ಎಂದು ಹಟ್ಟಿಯವರು. ದೇವರು ಮುನಿದು ಕಬ್ಬಿಣ ಸಿಡಿಯಿತು ಎಂದು ತೀರ್ಮಾನವಾಗಿ ಅವಳನ್ನು ಬೇಲಿಯ ಹೊರಗಿಟ್ಟಿದ್ದರು. ಹದ ತಪ್ಪಿತ್ತು ಎಂದು ನಾನು ಒಂದು ಮಾತು ಅಂದರೆ ಅವಳು ಒಳಗೆ ಹೋಗುತ್ತಿದ್ದಳು. ಹಟ್ಟಿಯ ಯಜಮಾನ ಜುಂಜಪ್ಪನೂ ಅವತ್ತು ಗುಳ ಹಿಡಿದು ಅಲ್ಲೇ ಕೂತಿದ್ದ.

ಕೊಡಲಿ ಎತ್ತಿ ನೋಡಿದೆ. ಒಡೆದ ಜಾಗ ನೋಡುತ್ತಲೇ ತಿಳಿಯಿತು, ಹುಲ್ಲಿನ ಬಣ್ಣಕ್ಕೇ ಅದ್ದಿಬಿಟ್ಟಿದ್ದೆ. ತಲೆಯೆತ್ತಿದರೆ ಹತ್ತು ಜೊತೆ ಕಣ್ಣು ನನ್ನ ಮುಖದ ಮೇಲಿದ್ದವು. ಹದ ತಪ್ಪಿತು ಅಂದರೆ ಯಾಕೆ ತಪ್ಪಿತು ಅನ್ನುತ್ತಾರೆ. ಅಮಾವಾಸ್ಯೆಯ ಬೆಂಕಿಯ ಮಾತು ಬರುತ್ತದೆ.

"ನನ್ ಕಬ್ಬಿಣ ಮುರಿಯಾಕಿಲ್ಲ ಕಣಮ್ಮ. ಹದ ಸರಿಯಾಗೇ ಇತ್ತು" ಎಂದೆ.

"ಕೇಳಿದ್ಯಾ?" ಎಂದ ಜುಂಜಪ್ಪ. "ಆಚಾರ್ರು ಸುಳ್ ಹೇಳ್ತಾರಾ?"

"ಇಲ್ಲ" ಎಂದಳು ಚಿಕ್ಕಹನುಮಕ್ಕ. ಕೊಡಲಿಯನ್ನು ನನ್ನ ಕೈಯಲ್ಲೇ ಬಿಟ್ಟು ಹೋದಳು. ನಾನು ಅದನ್ನು ಕೆಂಡಕ್ಕೆ ತಳ್ಳಿ, ಎಲ್ಲರೆದುರೇ ಬಡಿದು ಬಾಗಿಲ ಕೊಂಡಿ ಮಾಡಿದೆ.

ಮಧ್ಯಾಹ್ನ ಮುದ್ದೆ ಬಡಿಸುತ್ತ ಸರಸಮ್ಮ ಹೇಳಿದಳು: "ನಿಮ್ ತಪ್ಪನ್ನ ಆ ಹೆಂಗಸಿನ ತಲೆಗೆ ಕಟ್ಬುಟ್ರಿ. ಹೋಗಿ ಹೇಳ್ಬನ್ನಿ. ನಾನೂ ಬತ್ತೀನಿ. ತಿದಿ ಒತ್ತಿದೋಳು ನಾನೇ ಅಂತೀನಿ."

ನಾಳೆ ಹೋಗೋಣ ಎಂದೆ. ಅಂಥ ನಾಳೆಗಳು ಏಳು ವರ್ಷ ಬಂದವು. ಒಂದು ಸಲ ಜ್ವರ, ಒಂದು ಸಲ ಮಳೆ, ಮತ್ತೊಂದು ಸಲ ಜುಂಜಪ್ಪ ಊರಲ್ಲಿಲ್ಲ. ಮೊದಮೊದಲು ಸರಸಮ್ಮ ಪ್ರತಿ ಅಮಾವಾಸ್ಯೆಗೂ ಕೇಳುತ್ತಿದ್ದಳು, ಇವತ್ತು ಕೆಲಸವಿಲ್ಲವಲ್ಲ ಎಂದು. ಆಮೇಲೆ ಕೇಳುವುದನ್ನು ಬಿಟ್ಟಳು. ಬರಬರುತ್ತ ಉಪ್ಪು, ಇದ್ದಲು, ನೀರು ಇಷ್ಟರ ಮಾತು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತೇ ಇಲ್ಲವಾಯಿತು. ತಿದಿ ಒತ್ತುವುದನ್ನು ಮಾತ್ರ ಬಿಡಲಿಲ್ಲ. ನಾನು ಒಂದೊಂದು ಸಲ ಹದ ಮಾಡುತ್ತ, ಈಗಲಾದರೂ ಬಂತಾ ಎಂದು ಕೇಳಲಿ ಎಂದು ಅವಳ ಕಡೆ ನೋಡುತ್ತಿದ್ದೆ. ಅವಳು ಬಾಗಿಲಾಚೆ ನೋಡುತ್ತಿದ್ದಳು. ಒಂದೇ ಬೆಂಕಿಯ ಆಚೆ ಈಚೆ ಕೂತು ಅಷ್ಟು ಒಬ್ಬಂಟಿಯಾಗಿ ಬದುಕಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಎಂಬತ್ತೈದರ ಆಷಾಢದಲ್ಲಿ ಎರಡು ದಿನ ಹೊಟ್ಟೆನೋವು ಎಂದು ಮಲಗಿ ಸರಸಮ್ಮ ತೀರಿಕೊಂಡಳು. ಮೂರನೇ ದಿನ ಚಿಕ್ಕಹನುಮಕ್ಕ ಬಂದು ಬೀದಿಯಲ್ಲಿ ಕೂತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು.

"ಅಮ್ಮ ಅಮಾಸೆಗೊಂದ್ಸಲ ನನ್ ಗುಡ್ಲತ್ರ ಬರೋರು" ಎಂದಳು. "ರಾಗಿಹಿಟ್ಟು ತರೋರು. ಏನೂ ಮಾತಾಡ್ತಿರ್ಲಿಲ್ಲ, ಸುಮ್ಕೆ ಕೂತಿದ್ದು ಎದ್ದೋಗೋರು."

ಅಮಾವಾಸ್ಯೆಗೆ ಸರಸಮ್ಮ ಗುಡಿಗೆ ಹೋಗುತ್ತಾಳೆ ಎಂದು ನಾನು ತಿಳಿದಿದ್ದೆ. ಏಳು ವರ್ಷ ಅಷ್ಟು ದೂರ ನಡೆದಿದ್ದಾಳೆ. ಒಂದು ದಿನವೂ ನನ್ನ ಗುಟ್ಟು ಬಿಟ್ಟುಕೊಟ್ಟಿಲ್ಲ. ಅವತ್ತು ಬೀದಿಯಲ್ಲೇ ಹೇಳಿಬಿಡಬಹುದಿತ್ತು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮುಂದಿನ ಅಮಾವಾಸ್ಯೆಗೆ ಹಟ್ಟಿಗೆ ನಡೆದೆ. ಬೇಲಿಯ ಹೊರಗೆ ಕೆರ ಬಿಟ್ಟು, ದೇವರ ಗುಡಿಯ ಮುಂದೆ ಕೂತಿದ್ದ ಜುಂಜಪ್ಪನಿಗೂ ಉಳಿದ ಹಿರಿಯರಿಗೂ ಕೈಮುಗಿದು ಎಲ್ಲವನ್ನೂ ಹೇಳಿದೆ. ಅಮಾವಾಸ್ಯೆ, ಮುಚ್ಚಿದ ಬಾಗಿಲು, ಕಾಣದ ಬಣ್ಣ, ಹತ್ತು ಜನರ ಮುಂದೆ ಆಡಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಬಯ್ಯಲಿ, ಹೊಡೆಯಲಿ, ಇನ್ನು ನನ್ನ ಕುಲುಮೆಗೆ ಬರುವುದಿಲ್ಲ ಅನ್ನಲಿ ಎಂದು ಕಾದೆ.

ಜುಂಜಪ್ಪ ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿ ಕನಿಕರವಿತ್ತು.

"ಅಮ್ಮಾರು ಹೋದ್ಮೇಲೆ ನಿಮ್ಮ ಮನ್ಸು ಕೆಟ್ಟದೆ ಆಚಾರ್ರೇ. ಆವಮ್ಮನಿಗೆ ಚಿಕ್ಕಹನುಮಕ್ಕನ ಮ್ಯಾಲೆ ಅಂತಃಕರಣ ಇತ್ತು, ನಮ್ಗೂ ಗೊತ್ತು. ಅದಕ್ಕೆ ತಪ್ಪು ಮೈಮ್ಯಾಲೆ ಹಾಕ್ಕಂಡು ಬಂದಿದ್ದೀರಿ."

"ಇಲ್ಲ ಜುಂಜಪ್ಪ. ಹದ ತಪ್ಪಿತ್ತು."

"ನಿಮ್ ಹದ ತಪ್ತದಾ?" ಅವನು ಉಳಿದವರ ಕಡೆ ತಿರುಗಿದ. "ನಮ್ಮಪ್ಪನ ಕಾಲ್ದಿಂದ ನೋಡಿದ್ದೀವಿ. ಒಂದು ಗುಳ ಮುರಿದದ್ದುಂಟಾ? ಆ ಕೊಡ್ಲಿ ತೋರ್ಸಿ, ಒಪ್ಕಂತೀವಿ."

ಕೊಡಲಿಯನ್ನು ನಾನೇ ಬಡಿದು ಕೊಂಡಿ ಮಾಡಿಬಿಟ್ಟಿದ್ದೆ. ಅವತ್ತು ತಿದಿ ಒತ್ತಿದವಳನ್ನು ಮಣ್ಣು ಮಾಡಿ ಬಂದಿದ್ದೆ. ಕಾಳಮ್ಮನಾಣೆ ಎಂದೆ. ಬೇಡ ಬೇಡ, ಅಂಥ ಆಣೆಯೆಲ್ಲ ಇಡಬಾರದು ಎಂದು ಅವರೇ ನನ್ನ ಬಾಯಿ ಮುಚ್ಚಿಸಿದರು. ಮಜ್ಜಿಗೆ ಕೊಟ್ಟರು. ಪರರಿಗಾಗಿ ಇಷ್ಟು ದೂರ ನಡೆದು ಬಂದ ದೊಡ್ಡ ಮನುಷ್ಯ ಎಂದು ಹೊಸ ಕಂಬಳಿಯೊಂದನ್ನು ಹೊದಿಸಿದರು. ಬೇಡವೆಂದು ತೆಗೆದು ಕೊಟ್ಟೆ. ಮತ್ತೆ ಹೊದಿಸಿದರು.

ಬೇಲಿಯ ಹೊರಗೆ ಚಿಕ್ಕಹನುಮಕ್ಕ ಆಡು ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಮುಖಕ್ಕೆ ಉಗಿದಿದ್ದರೆ ಒರೆಸಿಕೊಂಡು ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದೆ. ಅವಳು ಬಗ್ಗಿ ನೆಲ ಮುಟ್ಟಿ ನಮಸ್ಕಾರ ಮಾಡಿದಳು.

"ನನ್ ಸಲುವಾಗಿ ದೇವ್ರ ಮುಂದೆ ನೀವು ಸುಳ್ ಹೇಳ್ಬಾರ್ದಿತ್ತು ಆಚಾರ್ರೇ. ತಪ್ಪು ನಂದೇಯ."

"ನೀನು ಐದು ದಿನ ಮುಗಿಸಿಯೇ ಬಂದಿದ್ದೆ ಕಣಮ್ಮ. ನೀನೇ ಹೇಳಿದ್ದೆ, ಐದು ಅಂತ."

ಅವಳು ಬೆರಳು ಮಡಿಸುತ್ತ, ಮನಸ್ಸಿನಲ್ಲೇ ಎಣಿಸಿದಳು. ಆಮೇಲೆ ತಲೆಯಾಡಿಸಿದಳು.

"ಅವಾಗ ಅಂಗೇ ಅನ್ಕಂಡಿದ್ದೆ. ನೀವು ಹದ ಸರಿಯಾಗಿತ್ತು ಅಂದ್ಮೇಲೆ ಕೂತು ಎಣಿಸ್ದೆ. ಇಷ್ಟು ವರ್ಷ ಎಣಿಸ್ದೆ. ನಾಲ್ಕೇ ಆಚಾರ್ರೇ. ಈಗ ನಂಗೆ ಚೆನ್ನಾಗಿ ಜ್ಞಾಪಕ ಅದೆ, ನಾಲ್ಕೇ ದಿನ."