ಕೋರೆಹಲ್ಲಿನ ಅಚ್ಚು

ಗುಮಾಸ್ತನ ಕೋರೆಹಲ್ಲುಗಳು ತಿಂಗಳಿಗೆ ಒಂದು ಗೋಧಿಕಾಳಿನಷ್ಟು ಬೆಳೆಯುತ್ತಿದ್ದವು. ಹಾಗೇ ಬಿಟ್ಟರೆ ಕೆಳತುಟಿಗೆ ಚುಚ್ಚಿಕೊಳ್ಳುತ್ತಿದ್ದವು. ಹಾಗಾಗಿ ತಿಂಗಳಿಗೊಮ್ಮೆ ಅವನು ನನ್ನ ಕುರ್ಚಿಯಲ್ಲಿ ಕೂತು ಬಾಯಿ ತೆರೆಯುತ್ತಿದ್ದ. ನಾನು ಮೊದಲು ಅಚ್ಚು ತೆಗೆದು, ಆಮೇಲೆ ಅರ ಹಿಡಿದು ಉಜ್ಜಿ ಮೊಂಡು ಮಾಡುತ್ತಿದ್ದೆ. ಕಟ್ಟುಹಲ್ಲು ಮಾಡುವುದು ನನ್ನ ಕಸುಬು. ಒಂದು ಕಚೇರಿ ಕಟ್ಟಡದ ನೆಲಮಾಳಿಗೆಯಲ್ಲಿ ನನ್ನದೊಂದು ಕೋಣೆ, ಅದರಾಚೆ ಹಳೆಯ ಕಡತಗಳ ಉಗ್ರಾಣ. ಅವನು ಆ ಉಗ್ರಾಣದ ಗುಮಾಸ್ತ. ಬಿಸಿಲು ಇಣುಕದ ಜಾಗ. ರಕ್ತ ಕುಡಿದು ಬದುಕುವವನಿಗೆ ಇದಕ್ಕಿಂತ ಒಳ್ಳೆಯ ನೌಕರಿ ಎಲ್ಲಿ ಸಿಗಬೇಕು?

ಮೂರು ವರ್ಷದ ಹಿಂದೆ, ಪ್ರೀತಿ ಹೇಳಿಕೊಂಡ ದಿನವೇ, ಇನ್ನು ಯಾರನ್ನೂ ಕಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದ. ನಾನೇ ವಾರಕ್ಕೊಮ್ಮೆ ತೋಳಿನಿಂದ ಸಣ್ಣ ಲೋಟದಷ್ಟು ತೆಗೆದುಕೊಡುತ್ತಿದ್ದೆ. ಅವನು ಮುಖ ಆಚೆ ತಿರುಗಿಸಿಕೊಂಡು, ಔಷಧಿ ಕುಡಿಯುವ ಮಗುವಿನ ಹಾಗೆ ಕುಡಿದು, ಲೋಟ ತೊಳೆದಿಡುತ್ತಿದ್ದ. ಲೋಟ ತೊಳೆದಿಡುವ ಗಂಡಸು! ಮರುಳಾಗದೆ ಇರುತ್ತೇನೆಯೇ?

ಆ ಸಂಜೆ ಅವನು ನನ್ನನ್ನು ಕಚ್ಚುವುದಿತ್ತು. ನಾನೇ ಕೇಳಿಕೊಂಡಿದ್ದೆ. ಒಮ್ಮೆ ಕಚ್ಚಿದರೆ ನಾನೂ ಅವನಂತೆ. ಮುಪ್ಪಿಲ್ಲ, ಸಾವಿಲ್ಲ, ಬಿಸಿಲೂ ಇಲ್ಲ. ಬೇಡ ಎಂದವಳು ರೆಕ್ಕೆಯಕ್ಕ ಒಬ್ಬಳೇ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಸ್ವರ್ಗದಿಂದ ತಳ್ಳಿಸಿಕೊಂಡು ನಮ್ಮ ಮನೆಯ ತಾರಸಿಗೆ ಬಂದು ಬಿದ್ದವಳು. ಅಮ್ಮ ತೀರಿಕೊಂಡ ವರ್ಷ ಅದು, ನನಗಾಗ ಆರು. ಅಲ್ಲಿಂದಾಚೆ ನನ್ನ ತಲೆ ಬಾಚಿದವಳು, ಅಕ್ಷರ ತಿದ್ದಿಸಿದವಳು, ಜ್ವರದಲ್ಲಿ ಹಣೆಗೆ ಒದ್ದೆಬಟ್ಟೆ ಹಾಕಿದವಳು ಅವಳೇ. ರೆಕ್ಕೆ ಕತ್ತರಿಸಿಯೇ ಕಳಿಸಿದ್ದರು. ಉಳಿದ ಎರಡು ಮೋಟುಗಳಿಂದ ಆಗಾಗ ಬಿಳಿ ತುಪ್ಪುಳ ಉದುರಿ ಕುತ್ತಿಗೆಗೆಲ್ಲ ಅಂಟಿಕೊಳ್ಳುತ್ತಿತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಯಾಕೆ ತಳ್ಳಿದರು ಎಂದರೆ, "ಎದುರುತ್ತರ ಕೊಟ್ಟೆ ಕಣೇ. ಮೇಲಿನವರಿಗೆ ಅದು ಎಲ್ಲೂ ಆಗಲ್ಲ" ಎನ್ನುತ್ತಿದ್ದಳು.

ಅವತ್ತು ಮಧ್ಯಾಹ್ನ ಗುಮಾಸ್ತ ಬಂದು ಕೂತ.

"ಅಚ್ಚು ಮಾತ್ರ ತೆಗಿ. ಇವತ್ತು ಉಜ್ಜಬೇಡ," ಎಂದ. "ಆಗಷ್ಟೇ ಉಜ್ಜಿದ ಮೊಂಡು ಹಲ್ಲಲ್ಲಿ ಕಚ್ಚಿದ್ರೆ ಜಾಸ್ತಿ ನೋವಾಗುತ್ತೆ."

"ಅಬ್ಬಾ, ಏನು ಕಾಳಜಿ! ಬಾಯಿ ತೆಗಿ."

ಅಚ್ಚು ತೆಗೆಯುವ ಗುಲಾಬಿ ಬಣ್ಣದ ಪುಡಿಯನ್ನು ನೀರಲ್ಲಿ ಕಲಸಿ, ದವಡೆಯಾಕಾರದ ತಟ್ಟೆಗೆ ತುಂಬಿ, ಮೇಲ್ದವಡೆಗೆ ಒತ್ತಿ ಹಿಡಿದೆ. ಗಟ್ಟಿಯಾದ ಮೇಲೆ ಕಿತ್ತು ದೀಪಕ್ಕೆ ಹಿಡಿದೆ. ಕೋರೆಹಲ್ಲಿನ ಗುಳಿಯ ಪಕ್ಕದಲ್ಲಿ ಬಿಳಿ ತುಪ್ಪುಳದ ಒಂದು ಎಳೆ ಸಿಕ್ಕಿಕೊಂಡಿತ್ತು.

ಗುಳಿಯ ತಳವೂ ಸರಿಯಿರಲಿಲ್ಲ. ಲೋಟದಲ್ಲಿ ಕುಡಿಯುವವನ ಕೋರೆಗೆ ಏನೂ ತಾಗುವುದಿಲ್ಲ. ನಾನು ಚೌಕವಾಗಿ ಉಜ್ಜಿದ ತುದಿ ಚೌಕವಾಗಿಯೇ ಬೆಳೆದು ಕೆಳಗಿಳಿಯಬೇಕು. ಇದು ಕಚ್ಚಿ ಕಚ್ಚಿ ದುಂಡಗೆ ಸವೆದಿತ್ತು. ಕಪಾಟಿನಿಂದ ಹಳೆಯ ಅಚ್ಚುಗಳನ್ನು ತೆಗೆದು ಸಾಲಾಗಿ ಇಟ್ಟೆ. ಎಂಟು ತಿಂಗಳಿಂದ ಎಲ್ಲವೂ ದುಂಡು. ಪ್ರತಿ ತಿಂಗಳೂ ಉದ್ದ ಅಳೆದು ಬರೆದಿಟ್ಟ ನಾನು ತುದಿಯನ್ನೇ ನೋಡಿರಲಿಲ್ಲ. ಕಣ್ಣಿದ್ದೂ ಕುರುಡಿ.

"ಮೊಂಡು ಹಲ್ಲಲ್ಲಿ ಜಾಸ್ತಿ ನೋವಾಗುತ್ತೆ ಅಂತ ನಿಂಗೆ ಯಾರು ಹೇಳಿದ್ದು?"

ಬಾಯಿ ಒರೆಸುತ್ತಿದ್ದವನ ಕೈ ನಿಂತಿತು. ತುಪ್ಪುಳವನ್ನು ಚಿಮಟದಲ್ಲಿ ಎತ್ತಿ ಅವನ ಮೂಗಿನ ಮುಂದೆ ಹಿಡಿದೆ.

"ಅವಳು ಮನುಷ್ಯಳೇ ಅಲ್ವಲ್ಲ," ಎಂದ. "ನಾನು ಮಾತು ಕೊಟ್ಟಿದ್ದು ಮನುಷ್ಯರ ವಿಷಯಕ್ಕೆ."

"ಥೂ, ಗುಮಾಸ್ತನ ಬುದ್ಧಿ! ಪ್ರೀತಿಯಲ್ಲೂ ಷರತ್ತು ಹುಡುಕ್ತೀಯಲ್ಲ!"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಅಕ್ಕನ ಹೆಜ್ಜೆ. ಸಂಜೆಗೆಂದು ನನ್ನ ಬಟ್ಟೆಯನ್ನು ಗರಿಗರಿಯಾಗಿ ಇಸ್ತ್ರಿ ಮಾಡಿ ತೋಳಿನ ಮೇಲೆ ಹಾಕಿಕೊಂಡು ಬಂದಿದ್ದಳು. ಮೇಜಿನ ಮೇಲಿನ ಅಚ್ಚುಗಳನ್ನು ನೋಡಿದಳು, ನನ್ನ ಮುಖ ನೋಡಿದಳು.

"ಅವನು ನಿನ್ನ ಕಚ್ಚದೆ ಇರ್ಲಿ ಅಂತ ಶುರು ಮಾಡ್ದೆ ಪುಟ್ಟಿ," ಎಂದಳು. "ಹಸಿದವನು ಲೋಟದಲ್ಲಿ ಎಷ್ಟು ದಿನ ಕುಡೀತಾನೆ ಹೇಳು? ನನ್ನ ರಕ್ತ ಬತ್ತಲ್ಲ. ಅದಕ್ಕೇ."

ಅಷ್ಟಕ್ಕೇ ನಿಲ್ಲಿಸಿದ್ದರೆ ಕ್ಷಮಿಸಿಬಿಡುತ್ತಿದ್ದೆನೇನೋ. ಆದರೆ ಅಕ್ಕನಿಗೆ ಅರ್ಧ ಸತ್ಯ ಹೇಳಿ ಗೊತ್ತಿಲ್ಲ.

"ಆಮೇಲೆ... ಅವನು ಕುಡಿಯೋವಾಗ ಮೈ ಹಗುರ ಆಗುತ್ತೆ ಕಣೇ. ಹಾರಿದ ಹಾಗೇ. ಎಷ್ಟು ವರ್ಷ ಆಗಿತ್ತು, ಹಾರಿ."

"ಬೇಲಿಯೇ ಎದ್ದು ಹೊಲ ಮೇಯ್ದ್ರೆ ನಾನು ಯಾರ ಹತ್ರ ಹೋಗಿ ಅಳ್ಲಿ ಅಕ್ಕ? ಅಳೋದಕ್ಕೂ ನಿನ್ನ ಹತ್ರಾನೇ ಅಲ್ವಾ ನಾನು ಬರ್ತಿದ್ದಿದ್ದು!"

ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಮೂವರೂ ಒಟ್ಟಿಗೇ ಇರಬಹುದಲ್ಲ. ಹೇಗೂ ಯಾರೂ ಸಾಯಲ್ಲ..."

"ಏಳು ನನ್ನ ಕುರ್ಚಿಯಿಂದ. ಸಂಜೆಯೂ ಇಲ್ಲ, ಗಿಂಜೆಯೂ ಇಲ್ಲ. ನಿನ್ನ ಹಲ್ಲನ್ನ ಇನ್ನು ನಾನು ಮುಟ್ಟಲ್ಲ."

ತುಟಿಯನ್ನು ಮುಟ್ಟಿ ನೋಡಿಕೊಳ್ಳುತ್ತಾ ಅವನು ಉಗ್ರಾಣದ ಕಡೆಗೆ ಹೋದ. ಬಾಗಿಲು ಹಾಕಿಕೊಂಡಿತು. ಅಕ್ಕ ನನ್ನ ಬಟ್ಟೆಯನ್ನು ಮಡಿಕೆ ಕೆಡದಂತೆ ಕುರ್ಚಿಯ ಮೇಲಿಟ್ಟಳು. ಈಗ ಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. ತಬ್ಬಿದರೆ ಕಚ್ಚಿಬಿಡುವಷ್ಟು ಸಿಟ್ಟು, ತಬ್ಬದಿದ್ದರೆ ಸತ್ತೇಹೋಗುವಷ್ಟು ಆಸೆ.

"ಹಾಗಾದ್ರೆ ಅರ ಹಿಡಿಯೋದು ನಂಗೆ ಹೇಳ್ಕೊಡು," ಎಂದಳು. "ಉಜ್ಜದಿದ್ರೆ ಚುಚ್ಚಿಕೊಳ್ಳುತ್ತಲ್ಲ, ಪಾಪ."

ಪಾಪ ಎಂದದ್ದು ಅವನಿಗೆ.

ಹೇಳಿಕೊಟ್ಟೆ. ಹಳೆಯ ಅಚ್ಚೊಂದಕ್ಕೆ ಎರೆದು ಮಾಡಿದ ಪ್ಲಾಸ್ಟರಿನ ಹಲ್ಲುಗಳನ್ನು ಅವಳ ಮುಂದಿಟ್ಟು, ಇಸ್ತ್ರಿಯ ಬಿಸಿ ಇನ್ನೂ ಆರದ ಅವಳ ಬೆರಳುಗಳನ್ನು ಹಿಡಿದು, ಅರವನ್ನು ಎಷ್ಟು ಓರೆ ಮಾಡಬೇಕು, ಹೇಗೆ ಒಂದೇ ದಿಕ್ಕಿಗೆ ಎಳೆಯಬೇಕು, ನಡುನಡುವೆ ಯಾಕೆ ನೀರು ಹಾಕಬೇಕು ಎಲ್ಲವನ್ನೂ ತೋರಿಸಿದೆ. ಅವಳು ನಾಲಿಗೆ ಕಚ್ಚಿಕೊಂಡು ಶ್ರದ್ಧೆಯಿಂದ ಕಲಿತಳು.

ಒಂದನ್ನು ಹೇಳಲಿಲ್ಲ. ಕೋರೆಹಲ್ಲಿನೊಳಗೆ ನರವಿರುತ್ತದೆ, ಅವನಂಥವರ ಜೀವವೆಲ್ಲ ಅಲ್ಲೇ. ಮೊದಲ ಸಲ ಉಜ್ಜುವಾಗ ಅರ ಅದರ ಹತ್ತಿರ ಹೋಗುತ್ತಲೇ, ಸಾಕು ಎನ್ನುವ ಮೊದಲೇ, ಅವನು ಪ್ರಜ್ಞೆ ತಪ್ಪಿದ್ದ, ಕಿರುಬೆರಳಿನ ಉಗುರು ಬೂದಿಯಾಗಿ ಉದುರಿತ್ತು. ಹೆದರಿಕೊಳ್ಳುತ್ತಾನೆಂದು ಅವನಿಗೂ ಹೇಳಿರಲಿಲ್ಲ. ಮೂರು ವರ್ಷ, ಕೂದಲೆಳೆಯಷ್ಟು ಆಚೆಗೆ ಕೈ ನಿಲ್ಲಿಸಿ, ಅವನನ್ನು ಉಳಿಸಿಕೊಂಡಿದ್ದೆ.

"ಎಲ್ಲಿಗೆ ನಿಲ್ಲಿಸ್ಬೇಕು ಪುಟ್ಟಿ?"

ಅರವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಅವಳ ಕೈಗಿಟ್ಟೆ.

"ಸಾಕಾದಾಗ ಅವನೇ ಹೇಳ್ತಾನೆ ಬಿಡಕ್ಕ."