ಪರವಾಗಿ ಮಾತಾಡಬೇಕಾದವಳು

ಬಾಗಿಲ ಹತ್ತಿರದ ಆ ಮೂವರು ಇನ್ನೂ ಕೂತಿಲ್ಲ, ಖುರ್ಚಿ ಎಷ್ಟೊಂದು ಖಾಲಿ ಇವೆ, ಕೂರಬಹುದಲ್ಲ, ಕೂರುವುದಿಲ್ಲ, ಒಬ್ಬ ಮೊಬೈಲನ್ನು ಎದೆಮಟ್ಟಕ್ಕೆ ಹಿಡಿದು ವೇದಿಕೆಯ ಕಡೆಗೇ ತಿರುಗಿಸಿದ್ದಾನೆ, ಇವನನ್ನೇ ಅಲ್ಲವೇ ಪಲ್ಲವಿ ಝಳಕಿಯಲ್ಲಿ ಕಂಡದ್ದು — ಇಂಡಿ ಊರಿನ ಚರ್ಚಾಸ್ಪರ್ಧೆಯ ಸುತ್ತು ಮುಗಿಸಿ ಬಸ್ಸಿಗೆ ಕಾಯುವಾಗ ಹತ್ತಿರ ಬಂದು, ನೀನ ಅಲ್ಲ ಆ ಭಾಷಣದಾಕಿ ಎಂದು ನಕ್ಕಿದ್ದ, ನಗುವಿನಲ್ಲಿ ಸಿಟ್ಟು ಇರಲಿಲ್ಲ, ಅದೇ ಅವಳನ್ನು ಹೆದರಿಸಿದ್ದು. ಈಗ ಯಾಸ್ಮಿನ ಮಾತಾಡುತ್ತಿದ್ದಾಳೆ, ಒಂದೇ ತಂಡದ ಗೆಳತಿ, ಪಲ್ಲವಿ ಆಡಬೇಕಿದ್ದ ಮಾತುಗಳನ್ನು ತಡವರಿಸುತ್ತ ಆಡುತ್ತಿದ್ದಾಳೆ, ಪಾಪ ಅವಳದೇನು ತಪ್ಪು. ಇಂದಿನ ಶಾಲೆಗಳಲ್ಲಿ ಜಾತಿ ಉಳಿದಿಲ್ಲ, ಇದು ಚರ್ಚೆಯ ವಿಷಯ, ಬೆಳಿಗ್ಗೆಯವರೆಗೂ ಯಾಸ್ಮಿನ ಪರ, ಪಲ್ಲವಿ ವಿರೋಧ, ಸಿಂದಗಿಯ ಈ ಕಾಲೇಜಿನ ಗೇಟು ದಾಟುತ್ತಲೇ ಸಂಘಟಕ ಎದುರಿಗೆ ಬಂದ, ಪಕ್ಷ ಬದಲಾಗ್ಯಾವ್ರಿ ಮೇಡಂ, ಪಲ್ಲವಿ ಪರ ಮಾತಾಡ್ಲಿ, ಮ್ಯಾಲಿನಾವ್ರು ಹೇಳ್ಯಾರ. ಯಾವ ಮ್ಯಾಲಿನಾವ್ರು, ಯಾಕಂತ ಕೇಳ್ರಿ ಎಂದರು ತಂಡ ಕರೆತಂದ ರಾಜಶ್ರೀ ಮೇಡಂ, ಅವನು ಪಟ್ಟಿಯಲ್ಲಿ ಹೆಸರು ತಿದ್ದುತ್ತ ಒಳಗೆ ನಡೆದ. ಮೇಡಂ ಈಗ ಮೊದಲ ಸಾಲಿನಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾರೆ, ಬಿಚ್ಚುತ್ತಿದ್ದಾರೆ, ಇದೇ ಮೇಡಂ ತಮ್ಮ ಬಾಗೇವಾಡಿಯ ಕಾಲೇಜಿಗೆ ಬಂದ ವರ್ಷ ತಂಡ ಆರಿಸಲು ನಿಂತದ್ದು ನೆನಪಾಗುತ್ತದೆ, ಅಲ್ಲಿಯವರೆಗೆ ಚರ್ಚೆ ಎಂದರೆ ಪುಸ್ತಕದ ಕನ್ನಡ ಉದುರಿಸುವ ಎರಡು ಮೂರು ಮನೆಗಳ ಹುಡುಗರು, ಐತಿ ಅಂದವರಿಗೆ ಉಚ್ಚಾರದಲ್ಲಿ ಅಂಕ ಕಡಿತ — ವಿಚಾರಕ್ಕ ಅಂಕ ಕೊಡೂಣ್ರಿ, ನಾಲಿಗಿಗಲ್ಲ, ಹಿಂದಿನ ಬೆಂಚಿನಾವ್ರು ಮುಂದ ಬರ್ರಿ ಎಂದರು, ಯಾರೂ ಏಳಲಿಲ್ಲ, ಪಲ್ಲವಿಯ ಕಾಲು ತಾವೇ ಎದ್ದವು.

ಏಳದಿದ್ದರೆ ಚೆನ್ನಾಗಿತ್ತೇ. ಏಳದಿದ್ದರೆ ಮುದ್ದೇಬಿಹಾಳದ ಸುತ್ತಿಲ್ಲ, ಬಿಸಿಯೂಟದ ಸಾಲಿನಲ್ಲಿ ತನ್ನನ್ನು ಯಾರಿಗೂ ತಾಗದಂತೆ ಕಡೆಗೆ ಕೂರಿಸುತ್ತಿದ್ದ ಕತೆ ಅಲ್ಲಿ ಹೇಳುವುದಿಲ್ಲ, ಆ ಚಪ್ಪಾಳೆಯಿಲ್ಲ, ಆ ಮಾತಿನ ವಿಡಿಯೊ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರಲಿಲ್ಲ, ತನ್ನೂರು ಗೊಳಸಂಗಿಯ ಹೊಲದ ದಾರಿಯಲ್ಲಿ ಅಪ್ಪ ರಾವಸಾಬನಿಗೆ ಯಾರೂ ಬೈಕು ಅಡ್ಡ ನಿಲ್ಲಿಸುತ್ತಿರಲಿಲ್ಲ. ಮಗಳಿಗೆ ಹೇಳಪಾ, ಊರಿಗೊಂದು ಮರ್ಯಾದಿ ಐತಿ ಅಂದರಂತೆ, ಅಷ್ಟೇ ಅಂದರಂತೆ, ಅಪ್ಪ ರೊಟ್ಟಿ ಮುರಿಯುತ್ತ ಹೇಳಿದ, ಬ್ಯಾಡ ಅನ್ನಂಗಿಲ್ಲವ್ವ, ಮಾತಾಡು, ಆದ್ರ ಇನ್ನ ಒಬ್ಬಾಕಿನ ಎಲ್ಲೂ ಹೋಗಬ್ಯಾಡ, ಅವ್ವ ಗುಂಡವ್ವ ಬುದ್ಧನ ಪಟದ ಮುಂದೆ ದೀಪ ಹಚ್ಚುತ್ತಿದ್ದವಳು ತಿರುಗಿ ನೋಡದೆ ಬತ್ತಿಯನ್ನು ಇನ್ನಷ್ಟು ಮೇಲೆಳೆದಳು. ಯಾಸ್ಮಿನಳ ಮಾತು ಮುಗಿಯಿತೇ, ಗಂಟೆ ಬಡಿದರೇ, ಹೌದು, ಇನ್ನು ತನ್ನದು. ಪರ ಮಾತಾಡಿದರೆ ಗೆಲ್ಲಬಹುದು, ಚರ್ಚೆ ಎಂದರೆ ಅದೇ, ಕೊಟ್ಟ ಪಕ್ಷ ಹಿಡಿದು ನಿಲ್ಲುವುದು, ಗೆದ್ದ ಮೇಲೆ ಆ ಮೊಬೈಲು ಊರೂರು ತಿರುಗುತ್ತದೆ, ನೋಡ್ರಿ ಅಕಿನ ಒಪ್ಪಿಕೊಂಡಾಳ, ಮುದ್ದೇಬಿಹಾಳದಾಗ ಹೇಳಿದ್ದು ಸುಳ್ಳು, ಆಮೇಲೆ ಬೈಕು ಅಡ್ಡ ಬರುವುದಿಲ್ಲ, ಅಪ್ಪ ನಿರುಮ್ಮಳ, ಆಮೇಲೆ ಅವಳು? ಹೆಸರು ಕರೆಯುತ್ತಿದ್ದಾರೆ.

ಮೈಕಿನಲ್ಲಿ ಯಾಸ್ಮಿನಳ ಕೈಯ ಬಿಸಿ ಇನ್ನೂ ಇದೆ. ವೇದಿಕೆಯ ನಡುವೆ ಗುರಲಿಂಗಪ್ಪನವರು, ಈ ಸಂಸ್ಥೆಯ ಅಧ್ಯಕ್ಷರು, ಬಹುಮಾನ ಕೊಡುವವರೂ ಅವರೇ, ಮಾತಾಡವ್ವ, ಅಂಜಬ್ಯಾಡ ಎನ್ನುತ್ತಾರೆ, ದನಿ ಎಷ್ಟು ಮೃದು. ಇವತ್ತಿನ ಸಾಲಿಯೊಳಗ ಜಾತಿ ಉಳದಿಲ್ರಿ. ಇದು ತನ್ನದೇ ದನಿಯೇ, ಬಾಗಿಲಲ್ಲಿ ಮೊಬೈಲು ಇನ್ನಷ್ಟು ಮೇಲೇರಿತು, ಗುರಲಿಂಗಪ್ಪನವರ ತಲೆ ನಿಧಾನಕ್ಕೆ ಹೌದೌದು ಎನ್ನುತ್ತಿದೆ, ಮೇಡಂ ಕಣ್ಣು ಮುಚ್ಚಿದ್ದಾರೆ, ಮುಂದಿನ ಸಾಲು ಬಾಯಿಗೆ ಬರಬೇಕು, ಬರುತ್ತಿಲ್ಲ, ಬೇರೆಯದೇ ಬರುತ್ತಿದೆ — ಈ ಮಾತು ನನ್ನ ಬಾಯಾಗಿಂದನ ಬರಬೇಕಂತ ಪಕ್ಷ ಬದಲಿ ಮಾಡೀರಿ, ಬಂತ್ರಿ, ಆದ್ರ ನಾ ಅಂದ್ರ ಅದು ಖರೇ ಆಗಂಗಿಲ್ಲ, ನೀವು ಅಂದ್ರ ಆದೀತು, ನನಗ ಉಳದ ಹೊತ್ತು ನಿಮಗ ಕೊಡ್ತೇನಿ ಸರ, ಇದ ಮೈಕಿನಾಗ ನೀವೂ ಒಮ್ಮೆ ಹೇಳ್ರಿ. ನಡೆದು ಹೋಗಿ ಮೈಕು ಚಾಚಿ ನಿಂತಿದ್ದಾಳೆ, ಕಾಲು ಯಾವಾಗ ನಡೆದವೋ, ಗುರಲಿಂಗಪ್ಪನವರು ನಗುತ್ತಲೇ ಅರ್ಧ ಎದ್ದರು, ಕೈ ಮುಂದೆ ಬಂತು, ಬರುತ್ತಿದೆ, ಮೈಕಿಗೆ ಗೇಣು ದೂರ, ಹಾಗಾದರೆ ನಾನೇ ತಪ್ಪು ತಿಳಿದೆನೇ, ಇವರು ಹಿಡಿಯುತ್ತಾರೆ, ಹೇಳುತ್ತಾರೆ — ಕೈ ನಿಂತಿತು, ಹಿಂದೆ ಸರಿದು ಜೇಬಿಗೆ ಇಳಿಯಿತು, ಬಿಳಿ ಕರವಸ್ತ್ರ, ಬೆವರಿರಬೇಕು, ಸೆಕೆ ಅಲ್ಲವೇ, ಮುಖಕ್ಕೆ ಒಯ್ಯುತ್ತಾರೆ, ಒಯ್ಯಲಿಲ್ಲ, ಬಿಳಿ ಕರವಸ್ತ್ರ, ಮಡಿಕೆ ಬಿಚ್ಚಿತು, ಅಂಗೈ ತುಂಬ ಹರಡಿತು, ಬಾಗಿಲಲ್ಲಿ ಮೊಬೈಲು ಇಳಿದಿಲ್ಲ, ಎಲ್ಲ ಹಿಡಿಯುತ್ತಿದೆ, ಬಟ್ಟೆ ಮುಚ್ಚಿದ ಆ ಅಂಗೈ ಮತ್ತೆ ಮೈಕಿನ ಕಡೆಗೆ, ಅವಳು ಹಿಡಿದ ಜಾಗಕ್ಕೆ ಬರುತ್ತಿದೆ, ನಗು ಹಾಗೇ ಇದೆ, ಬಿಳಿ ಕರವಸ್ತ್ರ, ಬಿಳಿ ಕರವಸ್ತ್ರ